ಗೂಳಿಗಳು ಈ ಸಲವಾದರೂ ಏಳುತ್ತವೆಯೇ?

ಮಕ್ಕಳೇ, ಈ ವಾರ ನಮ್ಮ ಮನೆಯಲ್ಲಿ ಎರಡು ಹಬ್ಬಗಳ ತಯಾರಿ ನಡೆದಿದೆ. ಆಗಸ್ಟ್ 27ರ ಬುಧವಾರ ಗಣೇಶ ಚೌತಿ. ಅದು ಎಲ್ಲರ ಮನೆಯ ಹಬ್ಬ. ಅದಾಗಿ ಎರಡೇ ದಿನಕ್ಕೆ, 29ರ ಶುಕ್ರವಾರ, ಪ್ರೊ ಕಬಡ್ಡಿಯ 12ನೆಯ ಆವೃತ್ತಿ ವಿಶಾಖಪಟ್ಟಣದಲ್ಲಿ ಶುರುವಾಗುತ್ತದೆ. ಮೊದಲ ದಿನವೇ ನಮ್ಮ ಬೆಂಗಳೂರು ಬುಲ್ಸ್ ತಂಡಕ್ಕೆ ಪುಣೇರಿ ಪಲ್ಟನ್ ಎದುರು ಆಟ. ಇದು ನನ್ನ ಹಬ್ಬ, ನನ್ನ ಇಬ್ಬರು ಮೊಮ್ಮಕ್ಕಳ ಹಬ್ಬ. ಮನೆಯ ಉಳಿದವರಿಗೆ ಮಾತ್ರ ರಾತ್ರಿ ಧಾರಾವಾಹಿ ತಪ್ಪುವ ಕಾಲ.

ಹುಲಿಗಿಗೆ ಬಂದವರಿಗೆ ಗೊತ್ತು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಎಂದರೆ ಹುಲಿಗೆಮ್ಮನ ಗುಡಿಯ ದಾರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಾರಿಯಲ್ಲೇ ನಮ್ಮದೊಂದು ಕಾಯಿ-ಕರ್ಪೂರದ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಗಲ್ಲಾದ ಮುಂದೆ ಕೂತು ಚಿಲ್ಲರೆ ಎಣಿಸುತ್ತೇನೆ. ಪುಣ್ಯಕ್ಕೆ ಪಂದ್ಯ ರಾತ್ರಿ ಇದೆ. ಅಷ್ಟು ಹೊತ್ತಿಗೆ ಜನ ಕರಗಿ, ಅಂಗಡಿಯ ಬಾಗಿಲು ಹಾಕಿ, ಕಾಲು ತೊಳೆದು ಟೀವಿ ಮುಂದೆ ಕೂರಬಹುದು.

ಆದರೆ ಈ ಸಲ ಕೂರುವ ಮುಂಚೆಯೇ ಎದೆ ಡವಡವ ಅನ್ನುತ್ತಿದೆ. ಯಾಕೆಂದು ಹೇಳುತ್ತೇನೆ.

ಕಳೆದ ವರ್ಷ, ಅಂದರೆ 2024ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, 11ನೆಯ ಆವೃತ್ತಿ ನಡೆಯಿತು. ನಮ್ಮವರು ಆಡಿದ್ದು 22 ಪಂದ್ಯ. ಗೆದ್ದದ್ದು 2. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯ ಸ್ಥಾನ. ಪಟ್ಟಿಯನ್ನು ತಲೆಕೆಳಗಾಗಿ ಹಿಡಿದರೆ ಮಾತ್ರ ನಾವು ಮೊದಲು. ದಿನಾ ರಾತ್ರಿ ಟೀವಿ ಆರಿಸಿ, ಒಬ್ಬರ ಮುಖ ಒಬ್ಬರು ನೋಡದೆ ಮಲಗಿದೆವು. ಕೊನೆಗೆ ಹರಿಯಾಣ ಸ್ಟೀಲರ್ಸ್ ತಂಡ ಪಟ್ನಾ ಪೈರೇಟ್ಸ್ ತಂಡವನ್ನು 32-23ರಿಂದ ಸೋಲಿಸಿ ಕಪ್ ಎತ್ತಿತು.

ಮೊನ್ನೆ ಆರನೆಯ ತರಗತಿಯ ಮೊಮ್ಮಗ ಬಂದು ಒಂದು ಬಾಂಬು ಹಾಕಿದ.

"ಅಜ್ಜಾ, ಈ ಸಲ ನಾನು ಹರಿಯಾಣ ಕಡೆ."

"ಯಾಕಪಾ, ಏನಾತು?"

"ಸಾಲ್ಯಾಗ ಎಲ್ಲಾರೂ ನಗತಾರ. ಬುಲ್ಸ್ ಅಲ್ಲ, ಅವು ಕರಾ ಅಂತಾರ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನ ಅಕ್ಕ ಕೂಗಿದಳು. "ನಮ್ಮ ಸಾಲಿ ಟೀಮ್ ಸೋತ್ರ ನೀನು ಬ್ಯಾರೆ ಸಾಲಿಗೆ ಹೆಸರು ಹಚ್ಚತೀಯೇನು?"

ಅವನು ಸುಮ್ಮನಾದ. ಒಪ್ಪಿದ ಎಂದಲ್ಲ, ಉತ್ತರ ಹೊಳೆಯಲಿಲ್ಲ ಅಷ್ಟೆ. ಆದ್ದರಿಂದ ಈ ವಾರದ ಅಂಕಣ ಅವನಿಗಾಗಿ. ನಿಮ್ಮ ಮನೆಯಲ್ಲೂ ಸೋತ ತಂಡದ ಅಂಗಿಯನ್ನು ಮಡಚಿ ಪೆಟ್ಟಿಗೆಯಡಿ ಇಟ್ಟವರಿದ್ದರೆ ಅವರಿಗೂ ಓದಿ ಹೇಳಿ.

ಮೊದಲು, ಈ ಆಟವನ್ನು ಟೀವಿಯಲ್ಲಿ ನೋಡದ ಅಜ್ಜ-ಅಜ್ಜಿಯರಿಗಾಗಿ ಎರಡು ಮಾತು. ನಾವು ಚಿಕ್ಕವರಿದ್ದಾಗ ತುಂಗಭದ್ರೆಯ ದಂಡೆಯ ಮರಳಿನಲ್ಲಿ ಆಡಿದ ಆಟವೇ ಇದು. ಆಗ ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಎದುರಿನವರ ಮನೆಗೆ ಹೋಗಬೇಕಿತ್ತು. ದಮ್ಮು ಕಟ್ಟಿದರೆ ಔಟು. ಯಾರ ದಮ್ಮು ಎಷ್ಟು ಎಂಬ ಜಗಳವೇ ಆಟಕ್ಕಿಂತ ದೊಡ್ಡದು. ಈಗಲೂ 'ಕಬಡ್ಡಿ ಕಬಡ್ಡಿ' ಎನ್ನಲೇಬೇಕು. ಜೊತೆಗೆ ಗಡಿಯಾರ ಬಂದಿದೆ. ಒಂದು ದಾಳಿಗೆ 30 ಸೆಕೆಂಡು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ; ಹೆಂಗಸರದ್ದು 12 ಮತ್ತು 8. ಒಂದೊಂದು ಕಡೆ ಏಳು ಜನ. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ. ಮರಳಿನ ಬದಲು ಮ್ಯಾಟು, ಕಾಲಿಗೆ ಬೂಟು.

ಇನ್ನು ಮೂರು ವಿಷಯ ಗೊತ್ತಿದ್ದರೆ ಯಾವ ಅಜ್ಜಿಯೂ ಮೊಮ್ಮಕ್ಕಳ ಜೊತೆ ಕೂತು ಜಗಳವಾಡಬಹುದು. ಒಂದು, ಎರಡು ದಾಳಿ ಬರಿಗೈಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತರದಿದ್ದರೆ ದಾಳಿ ಮಾಡಿದವನು ಔಟು. ಇದಕ್ಕೆ 'ಡೂ ಆರ್ ಡೈ' ಎನ್ನುತ್ತಾರೆ. ಎರಡು, ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಅದು 'ಸೂಪರ್ ಟ್ಯಾಕಲ್'. ಮೂರು, ಏಳೂ ಜನ ಔಟಾದರೆ ಎದುರಿನವರಿಗೆ ಮೇಲೆ ಎರಡು ಅಂಕ, ಅದು 'ಆಲೌಟ್'. ಇಷ್ಟು ಸಾಕು.

ಈಗ ನಮ್ಮ ಬುಲ್ಸ್ ಕಥೆಗೆ ಬರೋಣ. ಮಕ್ಕಳಿಗೆ ಕಳೆದ ವರ್ಷ ಮಾತ್ರ ನೆನಪಿರುತ್ತದೆ. ನನ್ನಂಥವರಿಗೆ ಅದರ ಹಿಂದಿನದೂ ನೆನಪಿದೆ.

ಪ್ರೊ ಕಬಡ್ಡಿ ಶುರುವಾದದ್ದು 2014ರ ಜುಲೈ 26ರಂದು, ಎಂಟು ತಂಡಗಳೊಂದಿಗೆ. ಮೊದಲ ವರ್ಷವೇ ನಮ್ಮವರು ಸೆಮಿಫೈನಲ್ ತಲುಪಿದರು. 2015ರಲ್ಲಿ ಫೈನಲ್. ಅಲ್ಲಿ ಯು ಮುಂಬಾ ಎದುರು 36-30ರಿಂದ ಸೋತರು. ಆ ರಾತ್ರಿ ಊಟ ಸೇರಲಿಲ್ಲ. ಮೂರು ವರ್ಷ ಕಾದ ಮೇಲೆ ಬಂತು ಆರನೆಯ ಆವೃತ್ತಿ.

2019ರ ಜನವರಿ 5. ಮುಂಬೈ. ಫೈನಲ್‌ನಲ್ಲಿ ಎದುರಿಗೆ ಗುಜರಾತ್ ತಂಡ. ಅರ್ಧ ಆಟ ಮುಗಿದಾಗ ಗುಜರಾತ್ 16, ನಾವು 9. ಪಕ್ಕದ ಅಂಗಡಿಯವರು ಎದ್ದು ಮನೆಗೆ ಹೋದರು. ಹೋದವರು ಮರುದಿನ ಪರಿತಪಿಸಿದರು. ದ್ವಿತೀಯಾರ್ಧದಲ್ಲಿ ಪವನ್ ಸೆಹ್ರಾವತ್ ಎಂಬ ಹುಡುಗ ಒಂದೊಂದೇ ದಾಳಿಯಲ್ಲಿ ಆಟವನ್ನು ತಿರುಗಿಸಿಬಿಟ್ಟ. ಎದುರಿನವರ ತಲೆಯ ಮೇಲಿಂದ ಹಾರಿದ, ಕೈಯ ಸಂದಿಯಿಂದ ಜಾರಿದ. ಅವನೊಬ್ಬನೇ 22 ಅಂಕ ತಂದ. ನಾವು 38, ಅವರು 33. ಕಪ್ ನಮ್ಮದು! ಏಳು ಅಂಕ ಹಿಂದಿದ್ದವರು ಐದು ಅಂಕ ಮುಂದೆ ನಿಂತರು. ಆಗ ಈ ಮೊಮ್ಮಗ ಇನ್ನೂ ತೊದಲುತ್ತಿದ್ದ. ಅವನಿಗೆ ಆ ರಾತ್ರಿ ನೆನಪಿಲ್ಲ. ಅದನ್ನು ನೆನಪಿಟ್ಟು ಹೇಳುವುದು ನನ್ನ ಕೆಲಸ.

ಅದಾದ ಮೇಲೆ ಏಳು, ಎಂಟು, ಒಂಬತ್ತನೆಯ ಆವೃತ್ತಿಗಳಲ್ಲಿ ಮೂರೂ ಸಲ ಸೆಮಿಫೈನಲ್‌ವರೆಗೆ ಹೋಗಿ ಸೋತರು. ಹತ್ತನೆಯದರಲ್ಲಿ ಅಲ್ಲಿಗೂ ತಲುಪಲಿಲ್ಲ. ಹನ್ನೊಂದರಲ್ಲಿ ತಳ ಕಂಡರು. ಅಂದರೆ ಇದು ಒಂದೇ ದಿನ ಬಿದ್ದ ಮನೆಯಲ್ಲ, ನಿಧಾನಕ್ಕೆ ಸೋರಿದ ಮಾಳಿಗೆ.

ಯಾಕೆ ಹೀಗಾಯಿತು? ನನ್ನ ಲೆಕ್ಕದಲ್ಲಿ ಕಾರಣ ಸರಳ. ಕಳೆದ ವರ್ಷ ಪರ್ದೀಪ್ ನರ್ವಾಲ್ ನಮ್ಮ ತಂಡಕ್ಕೆ ಮರಳಿ ಬಂದಿದ್ದರು. ದೊಡ್ಡ ಆಟಗಾರ. ಪ್ರೊ ಕಬಡ್ಡಿಯಲ್ಲಿ ದಾಳಿಯಿಂದಲೇ 1801 ಅಂಕ ಗಳಿಸಿದವರು. ಅಷ್ಟು ಅಂಕ ಬೇರೆ ಯಾರೂ ತಂದಿಲ್ಲ. 2015ರಲ್ಲಿ ಅವರು ಮೊದಲು ಆಡಿದ್ದೇ ಬುಲ್ಸ್ ಪರ. ಹೀಗಾಗಿ ಮನೆಯ ಮಗ ಮನೆಗೆ ಬಂದ ಹಾಗೆ ನಾವೆಲ್ಲ ಕುಣಿದೆವು. ಆದರೆ ವಯಸ್ಸು ಯಾರನ್ನೂ ಕೇಳಿ ಬರುವುದಿಲ್ಲ. ಮೊದಲಿನ ಮಿಂಚು ಇರಲಿಲ್ಲ. ಒಬ್ಬನ ಹೆಗಲ ಮೇಲೆ ಇಡೀ ತೇರು ಇಟ್ಟರೆ ಆ ಹೆಗಲು ಬಳಲಿದ ದಿನ ತೇರು ನಿಲ್ಲುತ್ತದೆ. ಈ ವರ್ಷದ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ; ಅವರು ಆಟಕ್ಕೆ ವಿದಾಯ ಹೇಳಿದರು. ಮಕ್ಕಳೇ, ಕಳೆದ ವರ್ಷ ಅವರು ಸೋತಾಗ ನಕ್ಕವರು ಆ 1801ನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಒಂದೊಂದು ಅಂಕಕ್ಕೂ ಏಳು ಜನರ ನಡುವೆ ನುಗ್ಗಿ ಬರಬೇಕು.

ಇನ್ನು ಈ ವರ್ಷದ ಆಸೆಗಳು. ನನಗೆ ನಾಲ್ಕು ಆಸೆಗಳಿವೆ.

ಮೊದಲನೆಯದು, ಹೊಸ ಕೋಚ್ ಬಿ.ಸಿ. ರಮೇಶ್. ಇವರು ನಮ್ಮ ಕರ್ನಾಟಕದವರು, ಭಾರತಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದವರು. ನಾವು ಕಪ್ ಗೆದ್ದ ಆರನೆಯ ಆವೃತ್ತಿಯಲ್ಲಿ ಸಹಾಯಕ ಕೋಚ್ ಆಗಿದ್ದರು. ಮರು ವರ್ಷವೇ ಬೆಂಗಾಲ್ ತಂಡಕ್ಕೆ ಹೋಗಿ ಅದನ್ನು ಚಾಂಪಿಯನ್ ಮಾಡಿದರು. ಹತ್ತನೆಯ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ತಂಡವನ್ನು ಗೆಲ್ಲಿಸಿದರು. ಶುಕ್ರವಾರ ಅವರ ಹೊಸ ಶಿಷ್ಯರು ಆಡಬೇಕಿರುವುದು ಅದೇ ಪುಣೇರಿ ಎದುರು. ಎದುರು ಮನೆಯ ಮೂಲೆ ಮೂಲೆ ಬಲ್ಲವರು ನಮ್ಮ ಕಡೆ ಕೂತಿದ್ದಾರೆ ಎಂಬುದೇ ಧೈರ್ಯ.

ಎರಡನೆಯದು, ಹಿಡಿಯುವ ಕೈಗಳು. ಜೈಪುರದಿಂದ ಅಂಕುಶ್ ರಾಠಿ, ದೆಹಲಿಯಿಂದ ಯೋಗೇಶ್ ದಹಿಯಾ, ಹರಿಯಾಣದಿಂದ ಸಂಜಯ್ ಬಂದಿದ್ದಾರೆ. ಅಂಕುಶ್ ಎಡ ಮೂಲೆ, ಯೋಗೇಶ್ ಬಲ ಮೂಲೆ. ದಾಳಿಗೆ ಬಂದವನ ಕಾಲು ಸಿಕ್ಕಿದರೆ ಬಿಡದ ಪೈಕಿ. ಈ ಸಲ ದೊಡ್ಡ ಹೆಸರಿನ ಒಬ್ಬ ದಾಳಿಗಾರನಿಗೆ ಎಲ್ಲ ಹಣ ಸುರಿಯದೆ, ಮೊದಲು ಗೋಡೆ ಕಟ್ಟಿದ್ದಾರೆ. ಅಡಿಪಾಯ ಹಾಕಿ ಮಾಳಿಗೆ ಹಾಕುವುದು ಬುದ್ಧಿವಂತರ ಲಕ್ಷಣ.

ಮೂರನೆಯದು, ನಮ್ಮ ಕಡೆಯ ಹೆಸರುಗಳು. ಗಣೇಶ ಹನಮಂತಗೋಳ, ಸತ್ಯಪ್ಪ ಮಟ್ಟಿ. ಹೆಸರು ಓದಿದ ಕೂಡಲೇ ಮೊಮ್ಮಗ, "ಅಜ್ಜಾ, ಇವ್ರು ನಮ್ಮ ಕಡ್ಯಾರ ಇದ್ದಂಗ ಅದಾರ!" ಎಂದ. ಹರಿಯಾಣದ ಕಡೆ ಹೊರಟವನು ಅರ್ಧ ದಾರಿಯಲ್ಲಿ ನಿಂತದ್ದು ಈ ಎರಡು ಹೆಸರಿಗೇ ಎಂದು ನನ್ನ ಅನುಮಾನ.

ನಾಲ್ಕನೆಯದು, ಹೊಸ ನಿಯಮ. ಈ ಸಲ ಒಂದೊಂದು ತಂಡಕ್ಕೆ 18 ಲೀಗ್ ಪಂದ್ಯ. ಹನ್ನೆರಡರಲ್ಲಿ ಮೊದಲ ಎಂಟು ತಂಡಗಳಿಗೆ ಮುಂದಿನ ಹಂತದ ಬಾಗಿಲು ತೆರೆದಿರುತ್ತದೆ. ಎಂಟನೆಯವರಾದರೂ ಕಪ್ಪಿನ ಆಸೆ ಉಳಿಯುತ್ತದೆ.

ಆಸೆ ನಾಲ್ಕಿದ್ದರೆ ಚಿಂತೆಯೂ ನಾಲ್ಕು.

ಒಂದು, ತಂಡ ಬಹುಪಾಲು ಹೊಸದು. ಕಬಡ್ಡಿಯಲ್ಲಿ ಮೂಲೆಯವನು ಕಾಲು ಹಿಡಿದ ಕ್ಷಣಕ್ಕೆ ಪಕ್ಕದವನು ನುಗ್ಗಬೇಕು. ಅರ್ಧ ಸೆಕೆಂಡು ತಡವಾದರೆ ಬಂದವನು ಗೆರೆ ಮುಟ್ಟಿ ಎಲ್ಲರನ್ನೂ ಔಟು ಮಾಡಿ ಹೋಗುತ್ತಾನೆ. ಈ ಹೊಂದಾಣಿಕೆ ಹಣ ಕೊಟ್ಟರೆ ಸಿಗುವುದಿಲ್ಲ. ಜೊತೆಗೆ ಆಡಿ ಆಡಿ ಬರಬೇಕು.

ಎರಡು, ದಾಳಿಗೆ ಯಾರು? ಪುಣೇರಿಯಿಂದ ಬಂದ ಆಕಾಶ್ ಶಿಂದೆ, ದೆಹಲಿಯಿಂದ ಬಂದ ಆಶೀಶ್ ಮಲಿಕ್ ಇದ್ದಾರೆ. ಚುರುಕಿನ ಹುಡುಗರು. ಆದರೆ ಹತ್ತು ಅಂಕ ಹಿಂದಿದ್ದಾಗ 'ಅಂವ ಅದಾನ ಬಿಡು' ಎಂದು ನಿಶ್ಚಿಂತೆಯಿಂದ ಚಹಾ ಕುಡಿಯುವಂಥ ಹೆಸರು ಇನ್ನೂ ಯಾವುದೂ ಆಗಿಲ್ಲ. ಆಗಬೇಕು.

ಮೂರು, ಬೆಂಗಳೂರಿನಲ್ಲಿ ಈ ಸಲವೂ ಪಂದ್ಯವಿಲ್ಲ. ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ, ಈ ನಾಲ್ಕೇ ಊರು. ನಮ್ಮವರು ಕಂಠೀರವ ಕ್ರೀಡಾಂಗಣದಲ್ಲಿ ಕೊನೆಯದಾಗಿ ಆಡಿದ್ದು 2023ರ ಡಿಸೆಂಬರಿನಲ್ಲಿ. ಮೊಮ್ಮಕ್ಕಳನ್ನು ರೈಲು ಹತ್ತಿಸಿಕೊಂಡು ಹೋಗಿ ಒಮ್ಮೆ ತೋರಿಸಬೇಕೆಂಬ ಆಸೆ ಎರಡು ವರ್ಷದಿಂದ ಮುನಿರಾಬಾದ್ ಸ್ಟೇಷನ್ನಿನಲ್ಲೇ ಕೂತಿದೆ.

ನಾಲ್ಕನೆಯ ಚಿಂತೆ ಮತ್ತೆ ಹೊಸ ನಿಯಮದ್ದೇ. ಮೊದಲು ಸಮ ಆದರೆ ಅಂಕ ಹಂಚಿಕೊಂಡು ಮನೆಗೆ ಹೋಗುತ್ತಿದ್ದರು. ಇನ್ನು ಮೇಲೆ ಲೀಗ್ ಪಂದ್ಯದಲ್ಲೂ ಸಮ ಆದರೆ ಎರಡೂ ಕಡೆಯವರು ಐದೈದು ದಾಳಿ ಮಾಡಿ ಗೆದ್ದವರು ಯಾರೆಂದು ತೀರ್ಮಾನವಾಗಬೇಕು. ನೋಡುವ ಮಕ್ಕಳಿಗೆ ಭಾರೀ ಮಜಾ. ಬೀಪಿ ಗುಳಿಗೆ ನುಂಗುವ ನಮ್ಮಂಥ ಅಜ್ಜಂದಿರ ಗತಿ ಏನು?

ನಮ್ಮೂರಿನವರಿಗೆ ಸೋಲು-ಗೆಲುವಿನ ಮಾತು ಬಂದಾಗ ಅಣೆಕಟ್ಟು ನೆನಪಾಗದೆ ಇರದು. ಕಳೆದ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ಕೊಂಡಿ ಕಳಚಿದ್ದಕ್ಕೆ ತುಂಬಿದ ನೀರೆಷ್ಟೋ ಹೊಳೆ ಪಾಲು. ರೈತರ ಎದೆ ಒಡೆಯಿತು. ಆದರೆ ವಾರದೊಳಗೆ, ಹರಿಯುವ ನೀರಿನಲ್ಲೇ, ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸಿದರು. ಈ ವರ್ಷ ಹುಷಾರಿನಿಂದ 80 ಟಿಎಂಸಿ ಮಾತ್ರ ತುಂಬಿಸುತ್ತೇವೆ ಎಂದಿದ್ದಾರೆ. ಕಬಡ್ಡಿಯಲ್ಲೂ ಇಬ್ಬರು ಡಿಫೆಂಡರ್‌ಗಳು ಕೈ ಕೈ ಹಿಡಿದು ನಿಂತಾಗ ಅದಕ್ಕೆ 'ಚೈನ್' ಎಂದೇ ಹೆಸರು. ಕಳೆದ ವರ್ಷ ನಮ್ಮ ಆ ಸರಪಳಿಯೂ ತುಂಡಾಗಿತ್ತು. ಈ ವರ್ಷ ಪೂರಾ ತುಂಬದಿದ್ದರೂ ಚಿಂತೆಯಿಲ್ಲ. ಮೊದಲು ನೀರು ನಿಲ್ಲಲಿ.

ಈಗ ನಮ್ಮ ಮನೆಯ ಇನ್ನೊಂದು ತಂಡದ ವಿಷಯ. ಅಂಕಣ ಬರೆಯಲು ಕೂತಾಗ ನನ್ನ ಮನಸ್ಸು ಹೆಚ್ಚು ಹರಿದದ್ದು ಇದರ ಕಡೆಗೇ.

ನನ್ನ ಮೊಮ್ಮಗಳು ಒಂಬತ್ತನೆಯ ತರಗತಿ. ಶಾಲೆಯ ಹುಡುಗಿಯರ ಕಬಡ್ಡಿ ತಂಡದಲ್ಲಿ ಎಡ ಮೂಲೆಯಲ್ಲಿ ನಿಲ್ಲುತ್ತಾಳೆ. ಸೆಪ್ಟೆಂಬರಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ ಕೊಪ್ಪಳದಲ್ಲಿ. ಅವರಿಗೆ ಮ್ಯಾಟ್ ಇಲ್ಲ. ಸುಣ್ಣದ ಗೆರೆ ಎಳೆದ ಮಣ್ಣಿನ ಅಂಕಣ. ಮಳೆ ಬಂದರೆ ಗೆರೆ ಅಳಿಸಿಹೋಗುತ್ತದೆ, ನಿಂತ ಮೇಲೆ ಅವರೇ ಮತ್ತೆ ಎಳೆಯುತ್ತಾರೆ. ಮಂಡಿ, ಮೊಣಕೈ ತುಂಬ ಕಲೆಗಳು. ಕಳೆದ ವರ್ಷ ಮೊದಲ ಪಂದ್ಯದಲ್ಲೇ ಸೋತು ಬಂದಿದ್ದರು. ಬುಲ್ಸ್ ಸೋಲನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು ಅವಳೇ. ನಾನು 22ರಲ್ಲಿ 20 ಗೆಲ್ಲಲಿಲ್ಲ ಎಂದು ಗೊಣಗಿದರೆ ಅವಳು, "ಅಜ್ಜಾ, ಗೆದ್ದ ಆ ಎರಡರಾಗ ಹ್ಯಾಂಗ ಗೆದ್ರು ಅದನ್ನ ನೋಡಬೇಕು" ಎನ್ನುತ್ತಾಳೆ. ಆ ಎರಡು ಪಂದ್ಯವನ್ನು ಫೋನಿನಲ್ಲಿ ಹಾಕಿಕೊಂಡು, ಮೂಲೆಯವರು ಪಾದ ಎಲ್ಲಿ ಇಡುತ್ತಾರೆ ಎಂದು ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅವಳ ಅಪ್ಪ, ಅಂದರೆ ನನ್ನ ಮಗ, "ಈ ವರ್ಷ ಆಡಿ ಮುಗಿಸು, ಆಮೇಲೆ ಆಟಗೀಟ ಸಾಕು" ಎಂದಿದ್ದಾನೆ. ಅವನ ಚಿಂತೆ ಸುಳ್ಳಲ್ಲ. ಕೈಕಾಲು ಮುರಿದರೆ? ಪರೀಕ್ಷೆಯಲ್ಲಿ ಅಂಕ ಬರದಿದ್ದರೆ? ಬಿಸಿಲಲ್ಲಿ ನಿಂತು ಕಾಯಿ ಮಾರಿ ಮಕ್ಕಳನ್ನು ಓದಿಸುವವನಿಗೆ ಇಂಥ ಪ್ರಶ್ನೆಗಳು ನಿದ್ದೆಯಲ್ಲೂ ಬರುತ್ತವೆ. ಅವಳೂ ಎದುರು ಮಾತಾಡಲಿಲ್ಲ. ರಾತ್ರಿ ನನ್ನ ಹತ್ತಿರ ಬಂದು, "ಅಜ್ಜಾ, ನೀವು ಒಂದು ಮಾತು ಹೇಳ್ರಿ" ಎಂದಳು. ಅಷ್ಟೆ.

ನಾನು ಮಗನಿಗೆ ಉಪದೇಶ ಮಾಡಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಕಥೆ ಹೇಳಿದೆ. ಅದನ್ನು ನಿಮಗೂ ಹೇಳುತ್ತೇನೆ.

ಉಡುಪಿ ಜಿಲ್ಲೆಯ ಕಾರ್ಕಳದ ಕಡೆ ಹೆರ್ಮುಂಡೆ ಎಂಬ ಹಳ್ಳಿ. ಅಲ್ಲಿಂದ ಬಂದವರು ಮಮತಾ ಪೂಜಾರಿ. ಇನ್ನೊಬ್ಬರು ತೇಜಸ್ವಿನಿ ಬಾಯಿ. ಇಬ್ಬರೂ ಕರ್ನಾಟಕದವರು. ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಕಬಡ್ಡಿ 1990ರಲ್ಲೇ ಬಂದಿತ್ತು. ಹೆಂಗಸರ ಕಬಡ್ಡಿ ಮೊದಲು ಸೇರಿದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಅಲ್ಲಿ ಭಾರತಕ್ಕೆ ಚಿನ್ನ. 2014ರಲ್ಲಿ ಕೊರಿಯಾದ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ. ಎರಡೂ ತಂಡದಲ್ಲಿ ಈ ಇಬ್ಬರೂ ಇದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂತು. ತೇಜಸ್ವಿನಿಯವರಿಗೆ 2011ರಲ್ಲಿ, ಮಮತಾ ಅವರಿಗೆ 2014ರಲ್ಲಿ. ಆಟವೇ ಮಮತಾ ಅವರಿಗೆ ರೈಲ್ವೆಯಲ್ಲಿ ಕೆಲಸವನ್ನೂ ಕೊಟ್ಟಿತು.

2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೇ ಹೆಂಗಸರ ಮೂರು ತಂಡಗಳ ಪಂದ್ಯಾವಳಿ ನಡೆಯಿತು. ಫೈನಲ್ ಹೈದರಾಬಾದಿನಲ್ಲಿ. ಒಂದು ಕಡೆ ಸ್ಟಾರ್ಮ್ ಕ್ವೀನ್ಸ್, ಅದರ ನಾಯಕಿ ತೇಜಸ್ವಿನಿ ಬಾಯಿ. ಇನ್ನೊಂದು ಕಡೆ ಫೈರ್ ಬರ್ಡ್ಸ್, ಅದರ ನಾಯಕಿ ಮಮತಾ ಪೂಜಾರಿ. ಇಡೀ ದೇಶ ನೋಡುವ ಫೈನಲ್‌ನಲ್ಲಿ ಎರಡೂ ನಾಯಕಿಯರು ನಮ್ಮ ನಾಡಿನವರು! ಸ್ಟಾರ್ಮ್ ಕ್ವೀನ್ಸ್ 24-23ರಿಂದ ಗೆದ್ದಿತು. ಒಂದೇ ಒಂದು ಅಂಕ.

ಕಥೆ ಕೇಳಿ ಮಗ ಹೇಳಿದ: "ಅದೆಲ್ಲಾ ಸರಿ ಅಪ್ಪಾ, ಎಲ್ಲಾರೂ ಮಮತಾ ಪೂಜಾರಿ ಆಗತಾರೇನು?"

ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಓದಿದವರೆಲ್ಲ ಕಲೆಕ್ಟರ್ ಆಗುವುದಿಲ್ಲ, ಆದರೂ ಓದಿಸುತ್ತೇವೆ. ನಾನು ಅವನಿಗೆ ಕೇಳಿದ್ದು ಇಷ್ಟೆ. "ಒಂದು ದಿನ ಅಂಗಡಿ ನಾನು ನೋಡ್ಕೋತೀನಿ. ಕೊಪ್ಪಳಕ್ಕ ಹೋಗಿ ಅಕಿ ಆಟ ನೋಡಿ ಬಾ. ಆಮ್ಯಾಲ ನೀ ಏನ ಹೇಳಿದ್ರೂ ನಾ ಅಡ್ಡ ಬರಂಗಿಲ್ಲ." ಅವನು ಇವತ್ತಿನವರೆಗೆ ಅವಳ ಒಂದು ಪಂದ್ಯವನ್ನೂ ನೋಡಿಲ್ಲ. ಅವಳ ಮಂಡಿಯ ಗಾಯ ನೋಡಿದ್ದಾನೆ, ಗಾಯ ಆದದ್ದು ಯಾವ ಹಿಡಿತಕ್ಕೆ ಎಂಬುದನ್ನು ನೋಡಿಲ್ಲ.

"ನೋಡೋಣ" ಎಂದ. ನಮ್ಮ ಕಡೆ 'ನೋಡೋಣ' ಎಂದರೆ ಅರ್ಧ ಹೂಂ, ಅರ್ಧ ಊಹೂಂ. ಅಂದರೆ ಪಂದ್ಯ ಸಮ ಆಗಿದೆ. ಐದು ದಾಳಿ ಬಾಕಿ ಇವೆ.

ಇನ್ನು ನನ್ನ ಮೊಮ್ಮಗನಿಗೆ ಒಂದು ಮಾತು. ಅಭಿಮಾನ ಎಂದರೆ ಗೆದ್ದವರ ಹಿಂದೆ ಓಡುವುದಲ್ಲ ಎಂದು ನಾನು ಬೈಯುವುದಿಲ್ಲ. ನಿನಗೆ ಹರಿಯಾಣದ ಆಟ ಇಷ್ಟವಾದರೆ ಧಾರಾಳವಾಗಿ ಚಪ್ಪಾಳೆ ಹೊಡೆ. ಒಳ್ಳೆಯ ಆಟಕ್ಕೆ ಊರಿಲ್ಲ. ಈ ಆಟವನ್ನು ಒಂದು ಕಾಲದಲ್ಲಿ ಹೊರಗಿನವರಿಗೆ ಪರಿಚಯ ಮಾಡಿಕೊಡಬೇಕಿತ್ತು. 1936ರಲ್ಲಿ ಅಮರಾವತಿಯ ವ್ಯಾಯಾಮ ಮಂಡಳಿಯವರು ಬರ್ಲಿನ್‌ಗೆ ಹೋಗಿ ಆಡಿ ತೋರಿಸಿದ್ದರು. ಆಮೇಲೆ ಏನಾಯಿತು? 2018ರ ಏಷ್ಯನ್ ಗೇಮ್ಸ್‌ನಲ್ಲಿ ಇರಾನಿನವರು ಸೆಮಿಫೈನಲ್‌ನಲ್ಲಿ ನಮ್ಮ ಗಂಡಸರನ್ನು 27-18ರಿಂದ, ಫೈನಲ್‌ನಲ್ಲಿ ನಮ್ಮ ಹೆಂಗಸರನ್ನು 27-24ರಿಂದ ಸೋಲಿಸಿದರು. ಅಲ್ಲಿಯವರೆಗೆ ನಮ್ಮ ಗಂಡಸರು ಚಿನ್ನ ಬಿಟ್ಟು ಬೇರೆ ಪದಕ ಮುಟ್ಟಿರಲಿಲ್ಲ. ಆ ದಿನ ದೇಶದಲ್ಲಿ ಯಾರೂ ಕಬಡ್ಡಿ ಬಿಟ್ಟು ಬೇರೆ ಆಟಕ್ಕೆ ಹೆಸರು ಹಚ್ಚಲಿಲ್ಲ. ಐದು ವರ್ಷ ಕಾದು, ಹಾಂಗ್‌ಝೌನಲ್ಲಿ ಎರಡೂ ಚಿನ್ನ ವಾಪಸ್ ತಂದರು. ಈಗ ನೋಡು, ನಮ್ಮ ಬುಲ್ಸ್ ತಂಡದಲ್ಲೇ ಅಲಿರೆಜಾ ಮಿರ್ಜಾಯಿಯನ್ ಎಂಬ ಇರಾನಿನ ಹುಡುಗ ಇದ್ದಾನೆ. ಸೋಲಿಸಿದವರೂ ನಮ್ಮವರೇ ಆಗುತ್ತಾರೆ.

ಆದರೆ ಇಷ್ಟು ಮಾತ್ರ ಯೋಚಿಸು. ಗೆದ್ದ ತಂಡಕ್ಕೆ ನೀನು ಹೊಸದಾಗಿ ಸೇರಿದರೆ ನಿನಗೆ ಸಿಗುವುದು ಕಪ್ಪಿನ ಫೋಟೋ. ಸೋತ ತಂಡದ ಜೊತೆ ಇದ್ದು, ಅದು ಎದ್ದು ನಿಂತ ದಿನ ನೋಡಿದರೆ ಸಿಗುವುದು ಒಂದು ಕಥೆ. 16-9ರ ಕಥೆ ನನ್ನ ಹತ್ತಿರ ಇರುವುದು ಹಾಗೆಯೇ. ಎದ್ದು ಹೋದ ಪಕ್ಕದ ಅಂಗಡಿಯವರ ಹತ್ತಿರ ಅದು ಇಲ್ಲ.

ನಮ್ಮ ಕಡೆ ಕಾರ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಬಂದರೆ ಹಿಂಗಾರಿ ಚಲೋ, ಕೆಂದೆತ್ತು ಬಂದರೆ ಮುಂಗಾರಿ ಚಲೋ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಯಾವ ಎತ್ತೂ ಬರದಿದ್ದ ವರ್ಷವೂ ಯಾರೂ ಬಿತ್ತನೆ ಬಿಟ್ಟದ್ದು ಕಂಡಿಲ್ಲ.

ಹಾಗಾದರೆ ಈ ಸಲ ನಮ್ಮ ಬುಲ್ಸ್ ಎಷ್ಟು ಗೆಲ್ಲಬಹುದು? ಗುಡಿಯ ದಾರಿಯ ಅಂಗಡಿಯವರೆಲ್ಲ ಒಂದೊಂದು ಲೆಕ್ಕ ಹೇಳುತ್ತಾರೆ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಮೂರು ಅಂಕಿ ಬರೆದಿದ್ದೇವೆ. ನಾನು ಬರೆದದ್ದು 18ರಲ್ಲಿ 9. ಮೊಮ್ಮಗಳು 11. ಮೊಮ್ಮಗ ಬಹಳ ಹೊತ್ತು ಪೆನ್ಸಿಲ್ ಕಚ್ಚಿ ನಿಂತು, 'ಹರಿಯಾಣ' ಎಂದು ಬರೆಯಲು ಹೋಗಿ, 'ಹ' ಬರೆದು ಅಳಿಸಿ, '3' ಎಂದು ಬರೆದ. ಕಳೆದ ವರ್ಷಕ್ಕಿಂತ ಒಂದು ಹೆಚ್ಚು. ಅವನು ಬುಲ್ಸ್ ಲೆಕ್ಕ ಬರೆದದ್ದೇ ನನಗೆ ಮೊದಲ ಗೆಲುವು.

ಮಕ್ಕಳೇ, ನಿಮಗೊಂದು ಕೆಲಸ. ಶುಕ್ರವಾರದ ಪಂದ್ಯ ನೋಡುವಾಗ ಬರೀ ದಾಳಿ ಮಾಡುವವನನ್ನು ನೋಡಬೇಡಿ. ಮೂಲೆಯಲ್ಲಿ ನಿಂತವರ ಪಾದ ನೋಡಿ. ಅವರು ಎಷ್ಟು ಸಲ ಮುಂದೆ ಹೆಜ್ಜೆ ಇಟ್ಟರು, ಎಷ್ಟು ಸಲ ಪಕ್ಕದವನು ಬರುವವರೆಗೆ ಕಾದರು ಎಂದು ಎಣಿಸಿ. ಆಮೇಲೆ ಅಜ್ಜ-ಅಜ್ಜಿಯರನ್ನು ಕೇಳಿ: ನಿಮ್ಮೂರಲ್ಲಿ ಈ ಆಟಕ್ಕೆ ಏನೆನ್ನುತ್ತಿದ್ದರು? ಕಬಡ್ಡಿಯೋ, ಹುತುತುವೋ, ಬೇರೆ ಹೆಸರೋ? ಅಜ್ಜಿಯರೂ ಆಡುತ್ತಿದ್ದರೇ? ಯಾರ ದಮ್ಮು ಎಲ್ಲರಿಗಿಂತ ಉದ್ದ? ಒಂದು ಹಾಳೆಯಲ್ಲಿ ಬರೆದು ಕಳಿಸಿ.

ಮತ್ತೆ, ಮನೆಯಲ್ಲಿ ಆಡುವ ಮಕ್ಕಳಿರುವ ಅಪ್ಪ-ಅಮ್ಮಂದಿರೇ, ಈ ತಿಂಗಳು, ಮುಂದಿನ ತಿಂಗಳು ಎಲ್ಲ ತಾಲ್ಲೂಕುಗಳಲ್ಲೂ ಶಾಲಾ ಕ್ರೀಡಾಕೂಟಗಳ ಕಾಲ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಅಂಕಣದ ಪಕ್ಕ ನಿಲ್ಲಿ. ಟಿಕೆಟ್ಟಿಲ್ಲ. ಕೊಡೆ ಮಾತ್ರ ಮರೆಯಬೇಡಿ.